ಅವತ್ತು ನಿನಗೆ ರಜೆ ಇರಲಿಲ್ಲ, ಸುನಂದಾ

ಇಲ್ಲ... ನಂಬಲು ಆಗುತ್ತಿಲ್ಲ.
ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಊರಿನ ಬಸ್ ಹತ್ತುವಾಗ, "ನಾಳೆ ಬೇಗ ಬರ್ತೀನಿ ಮಾರಾಯ್ತಿ" ಅಂದವಳು.
ಬೆಳಿಗ್ಗೆ ಭದ್ರಾವತಿಯಿಂದ ಅವಳ ಮಗಳ ಫೋನ್...
ಹಾರ್ಟ್ ಅಟ್ಯಾಕ್. ಹೋಗಿಬಿಟ್ಟಳು.

ಗೆಳೆಯರೇ, ಸುನಂದಾ ಮತ್ತು ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಹನ್ನೊಂದು ವರ್ಷ ಜೊತೆಗೆ ದುಡಿದ ನರ್ಸ್‌ಗಳು.
ಒಳ್ಳೆಯ ಮಾತು ಬರೆಯಬೇಕು, ಗೊತ್ತು...
ಆದರೆ ನಿಜ ಹೇಳುತ್ತೇನೆ.
ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ಒಂದೇ ಸಲಕ್ಕೆ ಸೂಜಿ ಹಾಕುವುದರಲ್ಲಿ ನಾನೇ ಮುಂದೆ. ಚಾರ್ಟ್ ಬರೆಯುವುದರಲ್ಲೂ.
ಆದರೂ ರೋಗಿಗಳ ಮನೆಯವರು ನನ್ನ ಮುಖ ನೋಡಿ ಕೇಳುತ್ತಿದ್ದದ್ದು...
"ಸುನಂದಾ ಸಿಸ್ಟರ್ ಇಲ್ವಾ?"

ಹೋದ ವರ್ಷ ಭದ್ರಾವತಿಯ ಒಬ್ಬ ಅಜ್ಜ ವೆಂಟಿಲೇಟರ್‌ನಲ್ಲಿದ್ದರು. ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಮನೆಮಾತು ತಮಿಳು.
ಬಾಯಲ್ಲಿದ್ದ ಟ್ಯೂಬ್ ಕಿತ್ತುಕೊಳ್ಳಲು ನೋಡುತ್ತಿದ್ದರು. ಡಾಕ್ಟರ್ ಹೇಳಿದಂತೆ ನಾನು ಅವರ ಕೈಗಳನ್ನು ಮಂಚಕ್ಕೆ ಕಟ್ಟಿದೆ.
ಡ್ಯೂಟಿಗೆ ಬಂದ ಸುನಂದಾ ಹೊರಗೆ ಕೂತಿದ್ದ ಅವರ ಹೆಂಡತಿಯ ಹತ್ತಿರ ಹೋದಳು.
"ಅಜ್ಜಿ, ಅವ್ರು ಕನ್ನಡಕ ಹಾಕ್ತಾರಾ?"
"ಹೂಂ ಕಣಮ್ಮ, ಅದಿಲ್ದೆ ಏನೂ ಕಾಣ್ಸಲ್ಲ ಅವ್ರಿಗೆ."
ಅಜ್ಜಿಯ ಚೀಲದಿಂದ ಕನ್ನಡಕ ತಂದು ಹಾಕಿದಳು. ಎಲ್ಲಿದ್ದೀರಿ, ಈ ಟ್ಯೂಬ್ ಯಾಕೆ, ಇನ್ನೆಷ್ಟು ದಿನ... ತಾನು ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆಯುವಾಗ ಕಲಿತ ತಮಿಳಿನಲ್ಲಿ ಎಲ್ಲ ಬಿಡಿಸಿ ಹೇಳಿದಳು.
ಅಜ್ಜ ಶಾಂತರಾದರು. ಡಾಕ್ಟರ್ ನೋಡಿ, ಕಟ್ಟು ಬಿಚ್ಚಿಸಿದರು.
ನನಗೆ ಖುಷಿಯಾಗಬೇಕಿತ್ತು... ಆಗಲಿಲ್ಲ.

ಸುನಂದಾ, ಮುಂದಿನದು ನಿನಗೆ ಗೊತ್ತಿಲ್ಲ.
ಗುಣವಾಗಿ ಮನೆಗೆ ಹೋದ ಅಜ್ಜ ಒಂದು ದಿನ ಕೋಲೂರಿಕೊಂಡು ಐಸಿಯು ಬಾಗಿಲಿಗೆ ಬಂದಿದ್ದರು. ನಿನ್ನನ್ನು ನೋಡಲೆಂದೇ.
ನೀನು ಒಳಗೇ ಇದ್ದೆ. ಪೇಷೆಂಟ್ ಒಬ್ಬರಿಗೆ ತಲೆ ಬಾಚುತ್ತಿದ್ದೆ.
ನಾನು, "ಅವ್ರಿಗೆ ಇವತ್ತು ರಜ" ಅಂದುಬಿಟ್ಟೆ.
ಅಷ್ಟು ದೂರದಿಂದ ಬಂದವರು... ಸ್ವಲ್ಪ ಹೊತ್ತು ನಿಂತರು, ಹೊರಟುಹೋದರು. ಮತ್ತೆ ಬರಲಿಲ್ಲ.
ಎಷ್ಟೋ ಸಲ ಹೇಳಬೇಕೆಂದುಕೊಂಡೆ. ಊಟಕ್ಕೆ ಕೂತಾಗ ನೀನು ಡಬ್ಬಿ ಬಿಚ್ಚಿ ಮೊದಲು ನನಗೆ ಬಡಿಸುತ್ತಿದ್ದೆ... ಬಾಯಿ ಬರಲಿಲ್ಲ.
ತಪ್ಪಾಯಿತು ಮಾರಾಯ್ತಿ.

ನಿನ್ನ ಮಗಳು ಫೋನಿನಲ್ಲಿ ಅಳುತ್ತಾ ಹೇಳಿದಳು, "ಆಂಟಿ, ಕೊನೇವರ್ಗೂ ಒಬ್ರು ಸಿಸ್ಟರ್ ಅಮ್ಮನ ಕೈ ಬಿಡ್ಲೇ ಇಲ್ಲ."
ಭದ್ರಾವತಿಯ ಆಸ್ಪತ್ರೆಯವಳು... ಹೆಸರೂ ಗೊತ್ತಿಲ್ಲ ನನಗೆ.
ಅವಳ ಮೇಲೂ ಹೊಟ್ಟೆ ಉರಿಯುತ್ತಿದೆ, ಸುನಂದಾ.
ಅಲ್ಲಿ ನಾನು ಕೂತಿರಬೇಕಿತ್ತು.

ಸಾಕು, ತುಂಬಾ ದಣಿದಿದ್ದೀಯ...
ನಿನ್ನ ಜೀವ ತಣ್ಣಗಿರಲಿ.