ಸೆನ್ಸರ್‌ಗೆ ಹತ್ತಿದ ಕುಂಕುಮ

ಆಯುಧ, ಗಾಡಿಗಳನ್ನು ಪೂಜಿಸುವ ಖಂಡೇಪೂಜೆಯ ಮರುದಿನ ಕಮರಿಪೇಟೆಯ ನನ್ನ ಗ್ಯಾರೇಜಿಗೆ ಹತ್ತಿ ವ್ಯಾಪಾರಿಯೊಬ್ಬರ ಟರ್ಬೊ ಕಾರು ಎತ್ತಿನ ಬಂಡಿಯ ವೇಗದಲ್ಲಿ ಬಂತು. ಎಂಜಿನ್ನಿನ ಹಳದಿ ದೀಪ ಉರಿಯುತ್ತಿತ್ತು. ಏನಾದರೂ ಕೆಟ್ಟರೆ ಇಂಥ ಕಾರು ತನ್ನನ್ನು ಉಳಿಸಿಕೊಳ್ಳಲು ತಾನೇ ಶಕ್ತಿ ಇಳಿಸಿಕೊಂಡು ಕುಂಟುತ್ತದೆ.

“ಈ ಬಸಪ್ಪ ರಾಯಾಪುರದ ರಸ್ತೇದಾಗ ರೇಸ್ ಹೊಡದು ಎಂಜಿನ್ ಕೆಡಿಸ್ಯಾನ,” ಎಂದರು ಮಾಲಕರು. “ಇವತ್ತ ಇವನ್ನ ಕೆಲಸದಿಂದ ಬಿಡಸ್ತೇನಿ.”

“ನಾ ಹಂಗ ಓಡಿಸಿಲ್ರಿ, ಸಾವಕಾರ್ರ,” ಎಂದ ಡ್ರೈವರ್ ಬಸಪ್ಪ.

“ತಡೀರಿ, ಗಾಡೀನ್ನ ಕೇಳೂಣು,” ಎಂದು ನಾನು ಸ್ಕ್ಯಾನರ್ ಜೋಡಿಸಿದೆ. ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರಿನ ತಪ್ಪು ತೋರಿಸಿತು. ಬಾನೆಟ್ ಎತ್ತಿದೆ. ಹೆಚ್ಚು ಗಾಳಿ ಎಳೆಯಲಿ ಎಂದು ಮಾಲಕರೇ ಹಾಕಿಸಿದ್ದ ಮುಚ್ಚಳವಿಲ್ಲದ ಫಿಲ್ಟರಿಗೆ ಕುಂಕುಮ, ಭಂಡಾರದ ಅರಿಸಿನಪುಡಿ ದಪ್ಪಗೆ ಮೆತ್ತಿತ್ತು. ಒಳಗಿನ ಸೆನ್ಸರ್ ತಂತಿಯೂ ಕೆಂಪಾಗಿತ್ತು.

“ಇಲ್ಲಿ ಪೂಜಿ ಮಾಡಿದವ್ರು ಯಾರ್ರಿ?”

“ನಾನ. ಎಂಜಿನ್ ಚಾಲೂ ಇಟ್ಟ ಮಾಡೇನಿ. ಯಾಕ?”

“ಚಾಲೂ ಎಂಜಿನ್ ಆ ಕುಂಕುಮ ಒಳಗ ಎಳಕೊಂಡೈತ್ರಿ. ಹಂಗಾರ ಬಸಪ್ಪಗ ತಪ್ಪಾತು ಅನ್ರಿ.”

“ದೇವರ ಪೂಜಿಗೆ ತಪ್ಪು ಅಂತಿ ಏನ?”

“ಪೂಜಿಗಲ್ರಿ, ನೀವು ಆಡಿದ ಮಾತಿಗೆ.”

ನಾನು ಸೆನ್ಸರ್ ತೊಳೆದು, ಫಿಲ್ಟರ್ ಝಾಡಿಸಿ, ಸ್ಕ್ಯಾನರಿನಿಂದ ತಪ್ಪಿನ ಕೋಡ್ ಅಳಿಸಿದೆ. ದೀಪ ಆರಿತು. ಮಾಲಕರು ಕಾರಿಗೆ ಕೈಮುಗಿದರು. ಬಸಪ್ಪನಿಗೆ ಮುಗಿದಿದ್ದರೆ ಆ ಕೈ ಸವೆಯುತ್ತಿರಲಿಲ್ಲ. ಅವನತ್ತ ಕೀಲಿ ಎಸೆದು “ನಡಿ” ಎಂದರು. ಬಸಪ್ಪ ಬಗ್ಗಿ ಅದನ್ನು ಎತ್ತಿಕೊಂಡ. ಕೆಲಸವಂತೂ ಉಳಿಯಿತು.

ತಪ್ಪಿದಾಗ ಉರಿಯುವ ದೀಪವನ್ನು ಮಾಲಕರಿಗೂ ಕೂಡಿಸಿಕೊಡುವ ಕಂಪನಿ ಮಾತ್ರ ಇನ್ನೂ ಹುಟ್ಟಿಲ್ಲ.