ಪೊರ್ಬುಗಳ ಮಿಲಿಟ್ರಿ ಸಾರು

ಪೊರ್ಬುಗಳ ಬಲಗೈಯಲ್ಲಿ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ಸಾರು ಕುದಿಸುವ ಒಲೆಯ ಉರಿಗೆ ಎಲ್ಲ ಸುಟ್ಟುಹೋಗಿ ಚರ್ಮ ಹೊಳೆಯುತ್ತಿತ್ತು. ಕ್ರೈಸ್ತ ಗಂಡಸರನ್ನು ನಮ್ಮವರು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ; ನಾನೂ ಕೊನೆಯವರೆಗೆ ಹಾಗೆಯೇ ಕರೆದೆ. ನಮ್ಮ ಊರು ಪರ್ಕಳದಲ್ಲಿ ಅವರ ಹೋಟೆಲಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆ ಕಡೆ ಮೆಣಸು ಹುರಿದರೆ ಈ ಕಡೆ ನಾನು ಸೀನುತ್ತಿದ್ದೆ.

ಸೈನ್ಯದಲ್ಲಿ ಅಡುಗೆಯವರಾಗಿ ಕೊರಿಯಾದ ಯುದ್ಧಕ್ಕೂ ಹೋಗಿ ಬಂದವರು ಅವರು. ಅಲ್ಲಿನ ಹಸಿದ ಜನ ಸೈನಿಕರ ಶಿಬಿರದಲ್ಲಿ ಉಳಿದ ಡಬ್ಬಿ ಮಾಂಸವನ್ನು ಕೋಸು, ಮೆಣಸಿನ ಜೊತೆ ಕುದಿಸಿ ಒಂದು ಸಾರು ಮಾಡುತ್ತಿದ್ದರಂತೆ. ಪೊರ್ಬುಗಳು ಅದನ್ನು ಕಲಿತು ಬಂದು ಪರ್ಕಳದವರಿಗೆ ಉಣ್ಣಿಸಿದರು. ಡಬ್ಬಿಯ ಬದಲು ಮನೆಯಲ್ಲೇ ಮಾಡಿದ ಹಂದಿ ಸಾಸೇಜು, ಜೊತೆಗೆ ನಮ್ಮ ಒತ್ತುಶ್ಯಾವಿಗೆ. ಊರು ಅದಕ್ಕೆ ಮಿಲಿಟ್ರಿ ಸಾರು ಎಂದು ಹೆಸರಿಟ್ಟಿತು. ಹಂದಿ ಮುಟ್ಟುವವನಲ್ಲ ಎಂದು ಮನೆಯಲ್ಲಿ ಹೇಳಿಕೊಂಡೇ ನಾನು ಅದನ್ನು ಚಪ್ಪರಿಸಿ ತಿನ್ನುತ್ತಿದ್ದೆ.

ಆದರೆ ಆ ಸಾರಿನ ನಿಜವಾದ ಕ್ರಮ ನಮ್ಮಲ್ಲಿ ನಡೆಯಲಿಲ್ಲ. ಅಲ್ಲಿ ಪಾತ್ರೆಯನ್ನು ನಡುವೆ ಇಟ್ಟು, ಗಂಡ ಹೆಂಡತಿ ಮಕ್ಕಳೆಲ್ಲ ಸುತ್ತ ಕೂತು ಅದಕ್ಕೇ ಚಮಚ ಹಾಕಿ ತಿನ್ನುತ್ತಾರಂತೆ. "ಎಂಜಲಲ್ವಾ ಪೊರ್ಬುಗಳೇ? ಎಂತ ಹೇಳ್ತೀರಿ ನೀವು" ಎಂದು ಗಿರಾಕಿಗಳು ನಕ್ಕರು. ಪೊರ್ಬುಗಳು ಬೇರೆ ಬೇರೆ ಬಟ್ಟಲಿಗೆ ಬಡಿಸಿದರು. ಗಿರಾಕಿಗಳ ಮಾತು ಹೋಗಲಿ, ಅವರಿಗೆ ಆ ಪಾತ್ರೆಯ ಎದುರು ಬೇಕಿದ್ದದ್ದು ಒಬ್ಬರೇ, ಅವರ ಹೆಂಡತಿ ಬಾಯಮ್ಮ.

ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಮೂಲೆಯ ಮೇಜಿಗೆ ಸಣ್ಣ ಪಾತ್ರೆ ತಂದು, ಎರಡು ಚಮಚ ಇಟ್ಟು ಕೊಂಕಣಿಯಲ್ಲಿ ಕರೆಯುತ್ತಿದ್ದರು. "ಬಾ, ಒಟ್ಟಿಗೆ ಉಣ್ಣುವ. ಯುದ್ಧದಲ್ಲಿ ಮನೆ ಕಳಕೊಂಡವರೂ ಒಟ್ಟಿಗೆ ಉಣ್ಣುತ್ತಿದ್ದರು. ನಮಗೆ ಮನೆ ಉಂಟಲ್ಲ."

"ನೀವು ಉಣ್ಣಿ, ನನ್ನದು ಮತ್ತೆ. ಯಾರಾದರೂ ನೋಡಿದರೆ ಎಂತ ಹೇಳಿಯಾರು?" ಎಂದು ಬಾಯಮ್ಮ ಒಳಗೆ ಹೋಗುತ್ತಿದ್ದರು. ಗಂಡ ಉಂಡೆದ್ದ ಮೇಲೆ ಒಲೆಯ ಪಕ್ಕ ನಿಂತೇ ಅವರ ಊಟ.

"ಯುದ್ಧ ಗೆದ್ದು ಬಂದವರಿಗೆ ಬಾಯಮ್ಮನನ್ನು ಗೆಲ್ಲಲಿಕ್ಕಾಗಲಿಲ್ಲವಲ್ಲ" ಎಂದು ನಾನು ಕೀಟಲೆ ಮಾಡುತ್ತಿದ್ದೆ.

"ನಾನು ಎಲ್ಲಿ ಗೆದ್ದದ್ದು ಟೈಲರೇ? ನಾನು ಅನ್ನ ಬೇಯಿಸಿದ್ದು" ಎನ್ನುತ್ತಿದ್ದರು. ಮರುದಿನ ಮತ್ತೆ ಎರಡು ಚಮಚ.

ವರ್ಷಗಳು ಹೀಗೇ ಹೋದವು. ಆಮೇಲೆ ಬಾಯಮ್ಮನಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಕ್ಷಯ ಎಂದು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಅವರ ತಟ್ಟೆ ಲೋಟ ಬೇರೆ ಇಡಬೇಕು ಎಂದರು. ಒಂದು ದಿನ ಪೊರ್ಬುಗಳ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಅವರು ತಂದಿದ್ದ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಬಾಯಮ್ಮನ ಎದುರಿಟ್ಟರು. ಬಾಯಮ್ಮ ಮಂಚದ ಮೇಲೆ ಎದ್ದು ಕೂತು ಬಹಳ ಹೊತ್ತು ಅದನ್ನೇ ನೋಡಿದರು.

"ಈಗ ನಿಮ್ಮೊಟ್ಟಿಗೆ ಕೂತು ಉಣ್ಣುವ ಆಸೆ ಆಗ್ತದೆ" ಎಂದರು. "ಈಗ ಆಗುವ ಹಾಗಿಲ್ಲ."

ಪೊರ್ಬುಗಳು ಚಮಚ ತೆಗೆದು ಮುಂದೆ ಬಾಗಿದರು. ಬಾಯಮ್ಮ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದು, "ಬೇಡ, ದೇವರಾಣೆ" ಎಂದರು. ಪೊರ್ಬುಗಳು ಚಮಚ ಕೆಳಗಿಟ್ಟರು. ನನಗೆ ನೋಡಲಾಗಲಿಲ್ಲ, ಹೊರಗೆ ಜಗಲಿಗೆ ಬಂದು ಅತ್ತೆ.

ಬಾಯಮ್ಮ ಮನೆಗೆ ಮರಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕೆಲವು ದಿನ ಮುಚ್ಚಿದ್ದ ಹೋಟೆಲು ಮತ್ತೆ ತೆರೆಯಿತು. ಮಧ್ಯಾಹ್ನ ಹಲಗೆಯ ಆ ಕಡೆಯಿಂದ "ಬಾ" ಎಂದದ್ದು ಕೇಳಿಸಿತು.

ನಾನು ಹೊಲಿಯುತ್ತಿದ್ದದ್ದನ್ನು ಅಲ್ಲೇ ಬಿಟ್ಟು ಆ ಕಡೆಗೆ ಹೋದೆ. ಮೂಲೆಯ ಮೇಜಿನಲ್ಲಿ ಪಾತ್ರೆ, ಎರಡು ಚಮಚ. ಎದುರು ಕೂತು ಒಂದು ಚಮಚಕ್ಕೆ ಕೈ ಹಾಕಿದೆ. ಪೊರ್ಬುಗಳು ಮೆಲ್ಲ ನನ್ನ ಕೈ ಸರಿಸಿದರು.

"ಅದು ಬೇಡ ಟೈಲರೇ. ಅದು ಅವಳದ್ದು."

ಒಳಗೆ ಹೋಗಿ ಇನ್ನೊಂದು ಚಮಚ ತಂದುಕೊಟ್ಟರು. ಇಬ್ಬರೂ ಒಂದೇ ಪಾತ್ರೆಯಿಂದ ಉಂಡೆವು. ಅವರು ಇದ್ದಷ್ಟು ಕಾಲ ಹೋಟೆಲು ನಡೆಯಿತು, ಆ ಮೇಜಿನಲ್ಲಿ ದಿನವೂ ಮೂರು ಚಮಚ ಇರುತ್ತಿದ್ದವು.

ಅವರೊಟ್ಟಿಗೆ ಉಂಡ ಆ ಮೊದಲ ದಿನ ರಾತ್ರಿ ಮನೆಯಲ್ಲಿ ಹೆಂಡತಿ ನನಗೆ ಬಡಿಸಿ ನಿಂತಳು. ನಾನು ಅನ್ನಕ್ಕೆ ಕೈ ಹಾಕಲಿಲ್ಲ.

"ನೀನೂ ಕೂರು" ಎಂದೆ.

"ಎಂತ ಆಯಿತು ನಿಮಗೆ? ನೀವು ಉಣ್ಣಿ, ನನ್ನದು ಮತ್ತೆ."

"ಮತ್ತೆ ಬೇಡ ಮಾರಾಯ್ತಿ, ಈಗ ಕೂರು" ಎಂದು ಮಣೆ ಎಳೆದು ಎದುರು ಇಟ್ಟೆ. ಅವಳು ನನ್ನ ಮುಖ ನೋಡಿದಳು. ತಟ್ಟೆ ತಂದು ಎದುರು ಕೂತಳು.