ಕಾಯಿಲೆಯ ಸಿನಿಮಾಗಳಿಗೆ ನಾವು ಕೊಟ್ಟ ಅಂಕ

ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವರನ್ನು ಕೀಮೋಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಅವರ ಗಂಡನಿಗೆ ದಿನಾ ಸೇತುವೆ ದಾಟಿ ಕೊಲ್ಲಿಯ ಆಚೆ ದಡಕ್ಕೆ ಹೋಗುವ ಕೆಲಸ. ಇದ್ದಬದ್ದ ರಜೆಯೆಲ್ಲ ಆಪರೇಷನ್ನಿಗೇ ಮುಗಿದಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವವಳು. ಅಕ್ಕ ಸಹಾಯ ಕೇಳುವವರಲ್ಲ, ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ. ಒಳ್ಳೆಯವಳು ಎನಿಸಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಉಂಟು.

ಡ್ರಿಪ್ ಇಳಿಯಲು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತೂ ನನ್ನ ಟ್ಯಾಬ್ಲೆಟ್ಟಿನಲ್ಲಿ ಸಿನಿಮಾ ನೋಡುತ್ತಿದ್ದೆವು.

"ಕಾಯಿಲೆ ಸಿನಿಮಾನೇ ಹಾಕು. ನಾನೀಗ ಎಕ್ಸ್‌ಪರ್ಟು," ಎಂದು ಅಕ್ಕನೇ ಹೇಳಿದ್ದರು.

ನೋಡಿದ್ದಕ್ಕೆಲ್ಲ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದೆವು. ನಮ್ಮ ಕಡೆಯ ಹಳೆಯ ಚಿತ್ರಗಳಲ್ಲಿ ನಾಯಕಿ ಕರವಸ್ತ್ರಕ್ಕೆ ಒಂದು ಸಲ ಕೆಮ್ಮಿದರೆ ಮುಗಿಯಿತು, ಡಾಕ್ಟರು ಗಂಡನನ್ನು ಹೊರಗೆ ಕರೆದು ಕನ್ನಡಕ ತೆಗೆಯುತ್ತಾರೆ. "ಕಾಯಿಲೆ ಅವಳಿಗೋ ಅವನಿಗೋ?" ಎಂದು ಅಕ್ಕ ನಗುತ್ತಿದ್ದರು. ಅಮೆರಿಕದ ಚಿತ್ರಗಳಲ್ಲಿ ರೋಗಿಗೇ ನೇರವಾಗಿ ಹೇಳುತ್ತಾರೆ. ಆದರೆ ತಲೆ ಬೋಳಾದರೂ ಹುಬ್ಬು ಮಾತ್ರ ಈಗ ತಾನೇ ಪಾರ್ಲರಿನಲ್ಲಿ ತಿದ್ದಿಸಿಕೊಂಡ ಹಾಗಿರುತ್ತದೆ. ಅದಕ್ಕೆ ಐದು ಅಂಕ.

ಒಂದು ಚಿತ್ರದಲ್ಲಿ ರಿಪೋರ್ಟು ಬರುವ ದಿನ ಗೆಳತಿ ಆಸ್ಪತ್ರೆಗೆ ಹೋಗದೆ ತಪ್ಪಿಸಿಕೊಳ್ಳುತ್ತಾಳೆ. "ಇಂಥವಳು ಇದ್ರೆಷ್ಟು, ಬಿಟ್ರೆಷ್ಟು! ಎರಡೇ ಅಂಕ," ಎಂದು ನಾನು ಗುಡುಗಿದೆ. "ಪಾಪ, ಹೆದರ್ಕೊಂಡಿದಾಳೆ ಕಣೇ," ಎಂದು ಅಕ್ಕ ಏಳು ಕೊಟ್ಟರು.

ಕೀಮೋ ಮುಗಿದು ಸ್ಕ್ಯಾನಿನ ಫಲಿತಾಂಶ ತಿಳಿಯುವ ದಿನ ಬಂತು. ಪಕ್ಕದ ಊರು ಪ್ಲೆಸೆಂಟನ್ನಿನಲ್ಲಿ ಡಾಕ್ಟರನ್ನು ಹತ್ತೂವರೆಗೆ ಕಾಣಬೇಕಿತ್ತು. "ಒಳಗೂ ಜೊತೆಗಿರ್ತೀಯಲ್ಲ?" ಎಂದು ಅಕ್ಕ ಹಿಂದಿನ ದಿನ ಕೇಳಿದ್ದರು, ಅವರು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬೆಳಿಗ್ಗೆ ಎಂಟಕ್ಕೆ ನಾನು ಫೋನ್ ಮಾಡಿ, "ಸಾರಿ ಅಕ್ಕ, ಅರ್ಜೆಂಟ್ ಮೀಟಿಂಗು ಬಂದ್ಬಿಡ್ತು," ಎಂದೆ. ಯಾವ ಮೀಟಿಂಗೂ ಇರಲಿಲ್ಲ. ಡಾಕ್ಟರು ಹೇಳುವುದನ್ನು ಕೇಳುವಾಗ ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವರಿಗೇ ಇರುವುದು. ಅವರು ಕ್ಯಾಬ್ ಹತ್ತುವುದನ್ನು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ಓಡಿ ಹೋದರೆ ಇನ್ನೂ ಸಿಗುತ್ತಾರೆ ಎಂದು ಗೊತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಹೋಗಲಿಲ್ಲ. ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕುಳಿತೆ.

ಮಧ್ಯಾಹ್ನ ಅಕ್ಕನೇ ಬಂದು ಬಾಗಿಲು ತಟ್ಟಿದರು. ಕಾಯಿಲೆ ಲಿವರಿಗೆ ಹಬ್ಬಿದೆಯಂತೆ ಎಂದು ಹೇಳಿ, ನಾನು ಕೊಟ್ಟ ನೀರು ಕುಡಿದರು. ನಾನು ಅತ್ತೆ, ಅವರು ಅಳಲಿಲ್ಲ.

"ಒಂದ್ ಸುಳ್ಳು ಹೇಳ್ಬಿಟ್ಟೆ ಕಣೇ," ಎಂದರು. "ಜೊತೇಲಿ ಯಾರಾದ್ರೂ ಬಂದಿದಾರಾ ಅಂತ ಡಾಕ್ಟರು ಕೇಳಿದ್ರು. ತಂಗಿ ಬಂದಿದಾಳೆ, ಕಾರ್ ಪಾರ್ಕ್ ಮಾಡ್ತಿದಾಳೆ ಅಂದೆ. ಪಾಪ, ಹದಿನೈದು ನಿಮಿಷ ನಿನಗೋಸ್ಕರ ಕಾದ್ರು."